128ರಿಂದ ‘ವಿ 2’ರವರೆಗೆ: ಎಂಪಿ3 ಎನ್‌ಕೋಡರ್ ಪಳಗಿದ ಬಗೆ

ಸಂಗೀತವನ್ನು ಎಂಪಿ3 ಫೈಲಾಗಿ ಕುಗ್ಗಿಸುವ ವಿಧಾನವನ್ನು ಐಎಸ್‌ಒ/ಐಇಸಿ 11172ರ ಮೂರನೆಯ ಭಾಗ 1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟಿಸಿತು. ಫೈಲನ್ನು ಬಿಚ್ಚಿ ನುಡಿಸುವ ಡಿಕೋಡರ್ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅದು ಬಿಗಿಯಾಗಿ ಕಟ್ಟುಮಾಡಿದೆ. ಫೈಲನ್ನು ತಯಾರಿಸುವ ಎನ್‌ಕೋಡರ್ ವಿಷಯದಲ್ಲಿ ಮಾತ್ರ ಒಂದು ಮಾದರಿ ತೋರಿಸಿ, ಉಳಿದದ್ದನ್ನು ತಯಾರಕರ ಜಾಣ್ಮೆಗೆ ಬಿಟ್ಟಿದೆ. ಯಾವ ದನಿಯನ್ನು ಉಳಿಸಬೇಕು, ಯಾವುದನ್ನು ಕೈಬಿಡಬಹುದು ಎಂಬ ತೀರ್ಮಾನವೆಲ್ಲ ಎನ್‌ಕೋಡರ್‌ನದೇ. ಹೀಗಾಗಿ ಒಂದೇ ಹಾಡಿನ, ಒಂದೇ ಗಾತ್ರದ ಎರಡು ಫೈಲುಗಳಲ್ಲಿ ಒಂದು ಇಂಪಾಗಿಯೂ ಇನ್ನೊಂದು ಒಡಕಾಗಿಯೂ ಕೇಳಿಸಬಹುದು. ಎರಡೂ ಮಾನಕಕ್ಕೆ ಬದ್ಧವೇ. ಎನ್‌ಕೋಡರ್‌ಗೆ ಯಾವ ಸೆಟ್ಟಿಂಗ್ ಕೊಡಬೇಕು ಎಂಬ ಪ್ರಶ್ನೆ ಹುಟ್ಟಿದ್ದು, ವರ್ಷಗಟ್ಟಲೆ ಚರ್ಚೆಯಾದದ್ದು ಈ ಸಡಿಲಿಕೆಯಿಂದ.

ಸಿಡಿಯ ಸಂಗೀತ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎಡ–ಬಲ ಎರಡು ಚಾನೆಲ್ ಎಂಬ ಲೆಕ್ಕದಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ತಿನ್ನುತ್ತದೆ. ಐದು ನಿಮಿಷದ ಹಾಡಿಗೆ 50 ಎಂಬಿಗೂ ಹೆಚ್ಚು ಜಾಗ ಬೇಕು. ಅದನ್ನು ದೂರವಾಣಿ ತಂತಿಯಲ್ಲಿ ಕಳಿಸಬೇಕೆಂಬ ಆಲೋಚನೆ ಜರ್ಮನಿಯ ಎರ್ಲಾಂಗೆನ್–ನ್ಯೂರೆಂಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡೀಟರ್ ಸೈಟ್ಜರ್ ಅವರದು. ಅದರ ಪೇಟೆಂಟ್ ಅರ್ಜಿಯನ್ನು ಪರಿಶೀಲಿಸಿದ ಅಧಿಕಾರಿ ಇದು ಆಗದ ಕೆಲಸವೆಂದು ತಳ್ಳಿಹಾಕಿದರು. ಆಗುವ ಕೆಲಸವೋ ಅಲ್ಲವೋ ಎಂದು ನೋಡುವ ಹೊಣೆ ಸೈಟ್ಜರ್ ಅವರ ವಿದ್ಯಾರ್ಥಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬರ್ಗ್ ಪಾಲಿಗೆ ಬಂತು. ಅವರ ಡಾಕ್ಟರೇಟ್ ಪ್ರಬಂಧ 1989ರಲ್ಲಿ ಮುಗಿಯಿತು. ಎರ್ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯ ತಂಡ ಆ ಕೆಲಸವನ್ನು ಮುಂದುವರಿಸಿ, ಮಾನಕ ರೂಪಿಸುತ್ತಿದ್ದ ಎಂಪೆಗ್ ಸಮಿತಿಯ ಮುಂದೆ ‘ಲೇಯರ್ 3’ ಆಗಿ ನಿಲ್ಲಿಸಿತು.

ಆಗ ಯುರೋಪಿನಲ್ಲಿ ಹರಡುತ್ತಿದ್ದ ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಸಂಪರ್ಕದಲ್ಲಿ ಮನೆಗೆ ಬರುತ್ತಿದ್ದದ್ದು 64 ಕಿಲೋಬಿಟ್‌ನ ಎರಡು ದಾರಿಗಳು. ಎರಡನ್ನೂ ಕೂಡಿಸಿದರೆ 128. ಮುಂದೆ ಎಂಪಿ3 ಎಂದೊಡನೆ ನೆನಪಿಗೆ ಬರುವ ಸಂಖ್ಯೆಯೂ ಇದೇ ಆಯಿತು. ಕಿವಿಗೆ ಇಷ್ಟು ಸಾಕು ಎಂದು ಯಾರೋ ಅಳೆದು ಹೇಳಿದ್ದಕ್ಕಿಂತ, ತಂತಿಗೆ ಇಷ್ಟು ಹಿಡಿಯುತ್ತದೆ ಎಂಬ ಲೆಕ್ಕಕ್ಕೇ ಅದು ಹೆಚ್ಚು ಹೊಂದುತ್ತದೆ.

ಕುಗ್ಗಿಸುವ ಕೆಲಸ ನಿಂತಿರುವುದು ಕಿವಿಯ ದೌರ್ಬಲ್ಯದ ಮೇಲೆ. ಗಟ್ಟಿ ದನಿಯೊಂದು ಮೊಳಗುತ್ತಿರುವಾಗ ಅದರ ಆಸುಪಾಸಿನ ಕಂಪನಾಂಕದ ಸಣ್ಣ ದನಿಗಳು ಕೇಳಿಸವು. ಎನ್‌ಕೋಡರ್ ಸಂಗೀತವನ್ನು 1,152 ಮಾದರಿಗಳ ತುಣುಕುಗಳಾಗಿ, ಅಂದರೆ ಸೆಕೆಂಡಿನ ಸುಮಾರು 26 ಸಾವಿರಾಂಶದ ಫ್ರೇಮುಗಳಾಗಿ ಕತ್ತರಿಸಿ, ಪ್ರತಿ ಫ್ರೇಮಿನಲ್ಲೂ ಎಲ್ಲಿ ಎಷ್ಟು ಒರಟುತನ ಬಚ್ಚಿಟ್ಟುಕೊಂಡೀತು ಎಂದು ಅಂದಾಜು ಮಾಡುತ್ತದೆ. ಅಂದಾಜು ಸರಿಯಿದ್ದರೆ ಕೇಳುಗನಿಗೆ ಏನೂ ತಿಳಿಯದು. ತಪ್ಪುವುದು ಹಠಾತ್ ಪೆಟ್ಟುಗಳಲ್ಲಿ. ಸ್ಪೇನಿನ ಕ್ಯಾಸ್ಟನೆಟ್ ತಾಳವಾದ್ಯ ಪ್ರಯೋಗಾಲಯಗಳಲ್ಲಿ ಕುಖ್ಯಾತವಾದದ್ದು ಇದಕ್ಕೇ: ಪೆಟ್ಟು ಬೀಳುವ ಮೊದಲೇ ಅದರ ಗೊಜಲು ಫ್ರೇಮಿನ ಉದ್ದಕ್ಕೂ ಚೆಲ್ಲಿ, ಮುಂಚಿತವಾಗಿಯೇ ಒಂದು ಸರಸರ ಸದ್ದು ಕೇಳಿಸುತ್ತದೆ. ಘಟದ ಅಥವಾ ಖಂಜಿರದ ಪೆಟ್ಟಿಗೂ ಬರುವ ತೊಂದರೆ ಇದೇ. ಯಾವ ಪಕ್ಕವಾದ್ಯವೂ ಇಲ್ಲದ ಒಂಟಿ ಕಂಠವೂ ಸುಲಭದ್ದಲ್ಲ. ಸುಝಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಆರಂಭದ ಎನ್‌ಕೋಡರ್‌ನಲ್ಲಿ ತೀರಾ ಕೆಟ್ಟದಾಗಿ ಕೇಳಿಸಿದ್ದರಿಂದ, ಬ್ರಾಂಡೆನ್‌ಬರ್ಗ್ ಅದನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಮತ್ತೆ ಮತ್ತೆ ತಿದ್ದಿದರು.

ಫ್ರೌನ್‌ಹೋಫರ್‌ನ ‘ಎಲ್3ಎನ್‌ಸಿ’ ಎಂಬ ಎನ್‌ಕೋಡರ್ ತಂತ್ರಾಂಶ 1994ರ ಜುಲೈನಲ್ಲಿ ಹೊರಬಂತು. ಎಂಪಿ3 ಎಂಬ ಬಾಲಹೆಸರನ್ನು ಸಂಸ್ಥೆಯವರು ತಮ್ಮೊಳಗೇ ಮತ ಹಾಕಿ 1995ರ ಜುಲೈ 14ರಂದು ಆರಿಸಿಕೊಂಡರು. ಎನ್‌ಕೋಡರ್ ದುಬಾರಿಯಾಗಿತ್ತು, ಪೇಟೆಂಟುಗಳ ಬೇಲಿಯೂ ಸುತ್ತ ಇತ್ತು. ಆದರೂ ಮಾನಕದ ಜೊತೆಗೆ ಬಂದ ಮಾದರಿ ಕ್ರಮವಿಧಿಯ ಮೂಲಸಂಕೇತ ಎಲ್ಲರ ಕೈಗೂ ಸಿಗುತ್ತಿತ್ತು. ಅದನ್ನು ಆಧರಿಸಿ ಹುಟ್ಟಿದ ಉಚಿತ ಎನ್‌ಕೋಡರುಗಳಲ್ಲಿ ‘ಬ್ಲೇಡ್‌ಎನ್‌ಕ್’ ಹೆಸರಾದದ್ದು. 256 ಕಿಲೋಬಿಟ್‌ನಲ್ಲಿ ಅದು ತಕ್ಕಮಟ್ಟಿಗೆ ಚೆನ್ನಾಗಿತ್ತು, 128ರಲ್ಲಿ ಕಳಪೆ. ‘ಝಿಂಗ್’ ಕಂಪನಿಯ ಎನ್‌ಕೋಡರ್ ಓಡುವುದರಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಅದರ ಹಳೆಯ ಆವೃತ್ತಿಗಳು 16 ಕಿಲೋಹರ್ಟ್ಸ್‌ಗಿಂತ ಮೇಲಿನ ದನಿಯನ್ನು ಕತ್ತರಿಸಿ ಎಸೆಯುತ್ತಿದ್ದವು. ನಿಧಾನ ಗಣಕಗಳ ಕಾಲದಲ್ಲಿ ಒಂದು ಸಿಡಿ ಇಳಿಸಲು ಗಂಟೆಗಟ್ಟಲೆ ಕಾಯಬೇಕಿದ್ದಾಗ, ವೇಗಕ್ಕಾಗಿ ಇಂಪನ್ನು ಬಿಟ್ಟುಕೊಟ್ಟವರು ಕಡಿಮೆಯೇನಲ್ಲ.

ಲೇಮ್ ಎಂಬ ಎನ್‌ಕೋಡರ್ ಈ ಗುಂಪಿನಲ್ಲಿ ಹುಟ್ಟಿದ್ದು 1998ರಲ್ಲಿ. ಮೈಕ್ ಚೆಂಗ್ ಅದನ್ನು ಮಾದರಿ ಕ್ರಮವಿಧಿಗೆ ಹಾಕುವ ತೇಪೆಯಾಗಿ ಆರಂಭಿಸಿದರು. ‘ಲೇಮ್ ಎಂಪಿ3 ಎನ್‌ಕೋಡರ್ ಅಲ್ಲ’ ಎಂದು ಅದರ ಹೆಸರೇ ಬಿಡಿಸಿ ಹೇಳುತ್ತಿತ್ತು. ತೇಪೆಯನ್ನು ಎನ್‌ಕೋಡರ್ ಎನ್ನಲಾಗದಷ್ಟೆ. ಮುಂದೆ ಮಾರ್ಕ್ ಟೇಲರ್ ಅದಕ್ಕೆ ಹೊಸ ಶ್ರವಣ ಮಾದರಿಯನ್ನು ಬರೆದರು. 2000ದ ಮೇ ಹೊತ್ತಿಗೆ ಹಳೆಯ ಮಾದರಿ ಕ್ರಮವಿಧಿಯ ಕೊನೆಯ ಸಾಲುಗಳೂ ಹೋಗಿ, ತೇಪೆಯೇ ಬಟ್ಟೆಯಾಯಿತು.

ಅಲ್ಲಿಯವರೆಗೆ ಸೆಟ್ಟಿಂಗ್ ಎಂದರೆ ಬಿಟ್‌ರೇಟ್ ಮಾತ್ರ. ಮಾನಕದಲ್ಲಿ 32ರಿಂದ 320ರವರೆಗೆ ಹದಿನಾಲ್ಕು ಮೆಟ್ಟಿಲುಗಳಿವೆ. ಒಂದನ್ನು ಆರಿಸಿದರೆ ಹಾಡಿನುದ್ದಕ್ಕೂ ಅದೇ ದರ. ತಂಬೂರಿ ಮಾತ್ರ ನುಡಿಯುವಾಗಲೂ ಅಷ್ಟೇ ಬಿಟ್, ತನಿಯಾವರ್ತನದ ಮುಕ್ತಾಯಕ್ಕೂ ಅಷ್ಟೇ. ಒಂದು ಫ್ರೇಮಿನಲ್ಲಿ ಉಳಿದ ಬಿಟ್‌ಗಳನ್ನು ಮುಂದಿನದಕ್ಕೆ ದಾಟಿಸುವ ಏರ್ಪಾಡು ಮಾನಕದಲ್ಲಿ ಇತ್ತಾದರೂ ಅದರ ಮಿತಿ ಚಿಕ್ಕದು. ದರವನ್ನೇ ಫ್ರೇಮಿನಿಂದ ಫ್ರೇಮಿಗೆ ಬದಲಾಯಿಸುವುದು ಇನ್ನೊಂದು ದಾರಿ. ವಿಬಿಆರ್ ಎಂದು ಕರೆಯುವ ಇದರಲ್ಲಿ ಬಳಕೆದಾರ ಗುಣಮಟ್ಟವನ್ನು ಹೇಳುತ್ತಾನೆ, ಗಾತ್ರ ಹಾಡಿಗೆ ತಕ್ಕಂತೆ ಆಗುತ್ತದೆ. ಒಂದೊಂದು ಫ್ರೇಮಿನ ತಲೆಯಲ್ಲೂ ಅದರ ದರ ಬರೆದಿರುವುದರಿಂದ ಮಾನಕದ ಒಳಗೇ ಇದಕ್ಕೆ ಅವಕಾಶವಿತ್ತು.

ತಕರಾರು ಬಂದದ್ದು ನುಡಿಸುವ ಯಂತ್ರಗಳಿಂದ. ಮೊದಲ ಫ್ರೇಮಿನ ದರ ನೋಡಿ ಇಡೀ ಹಾಡಿನ ಉದ್ದವನ್ನು ಲೆಕ್ಕ ಹಾಕುತ್ತಿದ್ದ ಪ್ಲೇಯರುಗಳು ನಾಲ್ಕು ನಿಮಿಷದ ಹಾಡಿಗೆ ಹತ್ತು ನಿಮಿಷ ತೋರಿಸುತ್ತಿದ್ದವು. ನಡುವೆ ಎಲ್ಲಿಗೋ ಹಾರಿಸಿದರೆ ಇನ್ನೆಲ್ಲಿಗೋ ಹೋಗಿ ನಿಲ್ಲುತ್ತಿದ್ದವು. ಪರಿಹಾರವಾಗಿ ಝಿಂಗ್ ಕಂಪನಿ ಫೈಲಿನ ಮೊದಲ ಫ್ರೇಮಿನಲ್ಲೇ ಒಟ್ಟು ಫ್ರೇಮುಗಳ ಸಂಖ್ಯೆಯನ್ನೂ, ನೂರು ಅಂಕಿಗಳ ಒಂದು ಪರಿವಿಡಿಯನ್ನೂ ಇಟ್ಟಿತು. ಲೇಮ್ ಅದನ್ನೇ ಎತ್ತಿಕೊಂಡು ಬೆಳೆಸಿತು. ಝಿಂಗ್‌ನ ಎನ್‌ಕೋಡರ್ ಮರೆತುಹೋಯಿತು. ಅದರ ಹೆಸರು ಹೊತ್ತ ಈ ತಲೆಬರಹ ಇಂದಿಗೂ ವಿಬಿಆರ್ ಫೈಲುಗಳಲ್ಲಿ ಇದೆ. ಎಲ್ಲ ಕಡೆ ನುಡಿಯಬೇಕೆಂದರೆ ಸ್ಥಿರ ದರವೇ ಗಟ್ಟಿ ಎಂಬ ಮಾತು ಆ ಕಾಲದ್ದು, ಆಗಿನ ಮಟ್ಟಿಗೆ ನಿಜವಾಗಿದ್ದದ್ದು.

ಗುಣಮಟ್ಟದ ವಾದಕ್ಕೆ ತೀರ್ಪು ಕೊಟ್ಟದ್ದು ಕುರುಡು ಪರೀಕ್ಷೆ. ಮೂಲ ಯಾವುದು, ಕುಗ್ಗಿಸಿದ್ದು ಯಾವುದು ಎಂದು ಹೇಳದೆ ಕೇಳಿಸಿ, ಗುರುತಿಸುವಂತೆ ಕೇಳುವ ಪದ್ಧತಿ ಇದು. ನನ್ನ ಕಿವಿಗೆ ಎಲ್ಲ ಗೊತ್ತಾಗುತ್ತದೆ ಎನ್ನುವವರಲ್ಲಿ ಬಹುಮಂದಿ ಇಲ್ಲಿ ಸೋಲುತ್ತಾರೆ. ಆದರೂ ಪಳಗಿದ ಕೆಲವು ಕಿವಿಗಳು ಹಿಡಿದುಕೊಟ್ಟ ಕಠಿಣ ತುಣುಕುಗಳ ಮೇಲೆ ಲೇಮ್‌ನ ಒಳಗಿನ ಹತ್ತಾರು ಗುಂಡಿಗಳನ್ನು ತಿರುಗಿಸಿ, ಸರಿಬಂದ ಸಂಯೋಜನೆಗೆ ಒಂದು ಹೆಸರು ಕೊಡುವ ಕೆಲಸ ನಡೆಯಿತು. 2001ರ ಕೊನೆಗೆ ಬಂದ 3.90 ಆವೃತ್ತಿಯಲ್ಲಿ ಹೀಗೆ ಹದಗೊಂಡ ‘ಸ್ಟ್ಯಾಂಡರ್ಡ್’ ಎಂಬ ಪ್ರೀಸೆಟ್ ಇತ್ತು. ಮುಂದಿನ ಆವೃತ್ತಿಗಳಲ್ಲಿ ಅದರ ಜಾಗಕ್ಕೆ ‘ವಿ’ ಎಂಬ ಅಕ್ಷರವೂ 0ಯಿಂದ 9ರವರೆಗಿನ ಅಂಕಿಯೂ ಬಂದವು. ಅಂಕಿ ಇಳಿದಷ್ಟೂ ಗುಣ ಏರುತ್ತದೆ: ‘ವಿ 5’ಕ್ಕೆ ಸರಾಸರಿ 130 ಕಿಲೋಬಿಟ್, ‘ವಿ 2’ಕ್ಕೆ 190, ‘ವಿ 0’ಗೆ 245ರ ಆಸುಪಾಸು. ಹಳೆಯ ‘ಸ್ಟ್ಯಾಂಡರ್ಡ್’ ಎಂದರೆ ‘ವಿ 2’. ನೂರಾರು ಗಂಟೆಗಳ ಆಲಿಸುವಿಕೆ ಹೀಗೆ ಒಂದಂಕಿಯೊಳಗೆ ಅಡಗಿತು. ಅದರ ಮೇಲೆ ತಮ್ಮದೂ ಒಂದು ಸ್ವಿಚ್ ಸೇರಿಸಿದವರು ಸಾಮಾನ್ಯವಾಗಿ ಫಲಿತಾಂಶವನ್ನು ಕೆಡಿಸಿಕೊಂಡರು.

ಹೀಗೆ ಕೆಡಿಸಿದ ಸ್ವಿಚ್‌ಗಳಲ್ಲಿ ‘ಜಾಯಿಂಟ್ ಸ್ಟೀರಿಯೊ’ವನ್ನು ನಿಲ್ಲಿಸಿಬಿಡುವುದು ಮುಖ್ಯವಾದದ್ದು. ಆ ಹೆಸರಿಗೆ ಕೆಟ್ಟ ಖ್ಯಾತಿ ಬಂದದ್ದು, ಕಡಿಮೆ ದರದಲ್ಲಿ ಎಡ–ಬಲದ ವ್ಯತ್ಯಾಸವನ್ನೇ ಸವೆಸಿಬಿಡುವ ‘ಇಂಟೆನ್ಸಿಟಿ’ ವಿಧಾನದಿಂದ. ಲೇಮ್ ಅದನ್ನು ಬಳಸುವುದೇ ಇಲ್ಲ. ಅದು ಮಾಡುವುದು ಎಡ–ಬಲಗಳನ್ನು ಮೊತ್ತ ಮತ್ತು ವ್ಯತ್ಯಾಸಗಳಾಗಿ ಬರೆಯುವುದು, ಅದೂ ಲಾಭವಿರುವ ಫ್ರೇಮುಗಳಲ್ಲಿ ಮಾತ್ರ. ಬರೆಯುವ ಈ ರೀತಿಯಿಂದ ಏನೂ ಕಳೆದುಹೋಗದು. ಗಾಯಕ ವೇದಿಕೆಯ ನಡುವೆ ಕುಳಿತ ಕಛೇರಿಯಲ್ಲಿ ಎರಡೂ ಚಾನೆಲ್‌ಗಳು ಬಹುಪಾಲು ಒಂದೇ ಆಗಿರುವುದರಿಂದ ಉಳಿತಾಯ ದೊಡ್ಡದು.

ಜೇಬಿನ ಪ್ಲೇಯರುಗಳ ಜಾಗ ಬೇರೊಂದು ಒತ್ತಡ ಹೇರಿತ್ತು. 1998ರಲ್ಲಿ ಬಂದ ಡೈಮಂಡ್ ರಿಯೋದಲ್ಲಿ ಇದ್ದದ್ದು 32 ಎಂಬಿ. 128 ಕಿಲೋಬಿಟ್‌ನ ಹಾಡುಗಳು ಅರ್ಧ ಗಂಟೆಯಷ್ಟು ಹಿಡಿಯುತ್ತಿದ್ದವು. 2001ರ ಐಪಾಡ್ 5 ಜಿಬಿ ತಂದು ಆ ಬಿಕ್ಕಟ್ಟನ್ನು ಸಡಿಲಿಸಿತು. ಕರ್ನಾಟಕದಲ್ಲಿ 128ರ ಆಯುಷ್ಯವನ್ನು ಹೆಚ್ಚಿಸಿದ್ದು ಎಂಪಿ3 ಸಿಡಿ. 700 ಎಂಬಿಯ ತಟ್ಟೆಯಲ್ಲಿ ಹನ್ನೆರಡು ಗಂಟೆಗೂ ಮೀರಿ ಸಂಗೀತ ಹಿಡಿಯುತ್ತದಾದ್ದರಿಂದ, ನೂರು ನೂರೈವತ್ತು ಹಾಡುಗಳು ಒಂದೇ ಸಿಡಿಯಲ್ಲಿ ಎಂದು ಮುಖಪುಟದ ಮೇಲೇ ಸಾರಿ ಮಾರುವ ರೂಢಿ ಬಂತು. ಅನಂತರ ಮೊಬೈಲ್ ಅಂಗಡಿಗಳು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡತೊಡಗಿದವು. ಅಲ್ಲಿ ಎಣಿಕೆಗೆ ಬರುತ್ತಿದ್ದದ್ದು ಹಾಡುಗಳ ಸಂಖ್ಯೆ. ಬಿಟ್‌ರೇಟ್ ಕೇಳಿದ ಗಿರಾಕಿ ಅಪರೂಪ. ಹೀಗೆ ಕೈಸೇರಿದ ಫೈಲನ್ನು ಆಮೇಲೆ ಸುಧಾರಿಸಲೂ ಆಗದು: ಒಮ್ಮೆ ಕುಗ್ಗಿಸಿದ್ದನ್ನು ಬಿಚ್ಚಿ ಮತ್ತೆ ಕುಗ್ಗಿಸಿದರೆ ಹಳೆಯ ಗೊಜಲಿನ ಮೇಲೆ ಹೊಸ ಗೊಜಲು ಕೂರುತ್ತದೆ. 128ರ ಫೈಲನ್ನು 320ಕ್ಕೆ ಏರಿಸಿದರೆ ಬೆಳೆಯುವುದು ಗಾತ್ರ ಮಾತ್ರ.

ಹಾಡಿನ ಹೆಸರನ್ನು ಬರೆಯುವ ಟ್ಯಾಗ್ ಕೂಡ ಹೊಂದಾಣಿಕೆಯ ಪ್ರಶ್ನೆಯೇ. 1996ರಲ್ಲಿ ಎರಿಕ್ ಕೆಂಪ್ ರೂಪಿಸಿದ ಐಡಿ3 ಫೈಲಿನ ಕೊನೆಯ 128 ಬೈಟ್‌ಗಳಲ್ಲಿ ಕೂರುತ್ತಿತ್ತು, ಶೀರ್ಷಿಕೆಗೆ ಮೂವತ್ತೇ ಅಕ್ಷರ. ಯೂನಿಕೋಡ್‌ಗೆ ಅಲ್ಲಿ ಎಡೆಯಿಲ್ಲದ ಕಾರಣ ಕನ್ನಡದ ಹಾಡುಗಳೆಲ್ಲ ರೋಮನ್ ಲಿಪಿಗೆ ಶರಣಾದವು. ಫೈಲಿನ ಆರಂಭಕ್ಕೆ ಬಂದ ಎರಡನೆಯ ಪೀಳಿಗೆಯ 2.3 ಆವೃತ್ತಿ ಯೂನಿಕೋಡ್ ಅನ್ನು 16 ಬಿಟ್‌ನ ರೂಪದಲ್ಲಿ ಒಪ್ಪಿಕೊಂಡಿತು, 2000ದ 2.4 ಆವೃತ್ತಿ ಯುಟಿಎಫ್-8 ತಂದಿತು. ಹೊಸದು ಅಚ್ಚುಕಟ್ಟಾಗಿದ್ದರೂ ವಿಂಡೋಸ್ ಬಹುಕಾಲ ಅದನ್ನು ಓದಲಿಲ್ಲ. ಹೀಗಾಗಿ ಹೆಚ್ಚು ಯಂತ್ರಗಳಲ್ಲಿ ನಡೆಯುವುದು 2.3. ಕನ್ನಡದ ಅಕ್ಷರಗಳು ಫೈಲಿನಲ್ಲಿ ಸರಿಯಾಗಿದ್ದೂ ಕಾರಿನ ಪರದೆಯ ಮೇಲೆ ಚೌಕಗಳಾಗಿ ಕಾಣಿಸಿದರೆ, ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲವೆಂದೇ ಅರ್ಥ.

ಇನ್ನೊಂದು ಕೊರತೆ ಮಾನಕದ ಹುಟ್ಟಿನಿಂದಲೇ ಬಂದದ್ದು. ಪ್ರತಿ ಫೈಲಿನ ಮೊದಲಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಎಂದು ಸಿಡಿಯಲ್ಲಿ ತಡೆಯಿಲ್ಲದೆ ಹರಿಯುತ್ತಿದ್ದ ಕಛೇರಿ ಎಂಪಿ3ರಲ್ಲಿ ಮುಗ್ಗರಿಸುವುದು ಇದರಿಂದ. ಎಷ್ಟು ಮಾದರಿಗಳನ್ನು ಕತ್ತರಿಸಬೇಕು ಎಂಬುದನ್ನು ಲೇಮ್ ತನ್ನ ತಲೆಬರಹದಲ್ಲಿ ಬರೆದಿಡುತ್ತದೆ. ಓದುವ ಪ್ಲೇಯರುಗಳು ಓದುತ್ತವೆ.

ಈ ನಡುವೆ ಎಎಸಿ 1997ರಲ್ಲೂ, ಆಗ್ ವಾರ್ಬಿಸ್ 2002ರಲ್ಲೂ, ಓಪಸ್ 2012ರಲ್ಲೂ ಬಂದವು. ಕಡಿಮೆ ದರದಲ್ಲಿ ಮೂರೂ ಎಂಪಿ3ಕ್ಕಿಂತ ಮೇಲು. ಅಂಗಡಿಗಳೂ ದರ ಏರಿಸಿದವು: ಆಪಲ್‌ನ ಐಟ್ಯೂನ್ಸ್ 2003ರಲ್ಲಿ 128 ಕಿಲೋಬಿಟ್ ಎಎಸಿಯಿಂದ ಆರಂಭಿಸಿ 2007ರಲ್ಲಿ 256ಕ್ಕೆ ಹೋಯಿತು, ಅದೇ ವರ್ಷ ಅಮೆಜಾನ್ ನಕಲು ತಡೆಯುವ ಬೀಗವಿಲ್ಲದ ಎಂಪಿ3 ಮಾರತೊಡಗಿತು, ಅದೂ 256ರಲ್ಲಿ. ಫ್ರೌನ್‌ಹೋಫರ್‌ನ ಎಂಪಿ3 ಪರವಾನಗಿ ಕಾರ್ಯಕ್ರಮ 2017ರ ಏಪ್ರಿಲ್ 23ರಂದು ಮುಗಿದಾಗ ಪತ್ರಿಕೆಗಳು ಎಂಪಿ3 ಸತ್ತಿತೆಂದು ಬರೆದವು. ಆದದ್ದು ಅದರ ಪೇಟೆಂಟ್ ಬೇಲಿ ಬಿದ್ದದ್ದು ಅಷ್ಟೆ. ಲೇಮ್ 3.100 ಅದೇ ವರ್ಷದ ಅಕ್ಟೋಬರಿನಲ್ಲಿ ಬಂತು.

ಆ ಹೊತ್ತಿಗೆ ಯಾವ ಸೆಟ್ಟಿಂಗ್ ಎಂಬ ಪ್ರಶ್ನೆಗೆ ಉತ್ತರ ನೆಲೆಗೊಂಡಿತ್ತು: ಮೂಲವನ್ನು ಫ್ಲ್ಯಾಕ್‌ನಂಥ ನಷ್ಟವಿಲ್ಲದ ರೂಪದಲ್ಲಿ ಇಟ್ಟುಕೊಂಡು, ಅದರಿಂದ ಲೇಮ್‌ನಲ್ಲಿ ‘ವಿ 2’ ಅಥವಾ ‘ವಿ 0’, 44.1 ಕಿಲೋಹರ್ಟ್ಸ್, ಜಾಯಿಂಟ್ ಸ್ಟೀರಿಯೊ, ಐಡಿ3 2.3. ವಿಬಿಆರ್ ಕಂಡು ತೊದಲುವ ಹಳೆಯ ಡಿವಿಡಿ ಪ್ಲೇಯರ್ ಮನೆಯಲ್ಲಿ ಇನ್ನೂ ಇದ್ದರೆ, ಅದರ ಪಾಲಿಗೆ ಮಾತ್ರ 192 ಅಥವಾ 256ರ ಸ್ಥಿರ ದರ.