ನೀಲಗಿರಿ ಶೋಲಾಕಿಳಿ

ನೀಲಗಿರಿ ಶೋಲಾಕಿಳಿ (ವೈಜ್ಞಾನಿಕ ಹೆಸರು: ಶೋಲಿಕೋಲಾ ಮೇಜರ್) ದಕ್ಷಿಣ ಭಾರತದ ಪಶ್ಚಿಮ ಘಟ್ಟಗಳಿಗೆ ಸೀಮಿತವಾದ ಒಂದು ಸಣ್ಣ ಹಾಡುಹಕ್ಕಿ. ನೊಣಹಿಡುಕಗಳ ಕುಟುಂಬವಾದ ಮಸ್ಸಿಕ್ಯಾಪಿಡೆಗೆ ಸೇರಿದೆ. ಇದನ್ನು ನೀಲಗಿರಿ ಬ್ಲೂ ರಾಬಿನ್ ಎಂದೂ ಕರೆಯುತ್ತಾರೆ. ಇದು ಅಳಿವಿನಂಚಿನಲ್ಲಿರುವ ಪ್ರಭೇದವಾಗಿದೆ.

ವರ್ಗೀಕರಣ
ಈ ಹಕ್ಕಿಯನ್ನು ಮೊದಲು ವಿವರಿಸಿದವರು ಥಾಮಸ್ ಜೆರ್ಡನ್. ಹಿಂದೆ ಇದನ್ನು ಹಿಮಾಲಯದ ಶಾರ್ಟ್‌ವಿಂಗ್ ಹಕ್ಕಿಗಳ ಕುಲದಲ್ಲಿ ಇರಿಸಲಾಗಿತ್ತು. ಡಿಎನ್‌ಎ ಅಧ್ಯಯನಗಳು ಆ ಸಂಬಂಧವನ್ನು ಅಲ್ಲಗಳೆದವು. 2017ರಲ್ಲಿ ಇದಕ್ಕಾಗಿ 'ಶೋಲಿಕೋಲಾ' ಎಂಬ ಹೊಸ ಕುಲವನ್ನು ರಚಿಸಲಾಯಿತು; 'ಶೋಲಾ ಕಾಡಿನ ನಿವಾಸಿ' ಎಂಬುದು ಅದರ ಅರ್ಥ. ಪಾಲಕ್ಕಾಡ್ ಕಣಿವೆಯ ದಕ್ಷಿಣದಲ್ಲಿರುವ ಬಿಳಿಹೊಟ್ಟೆಯ ಶೋಲಾಕಿಳಿ ಇದೇ ಕುಲದ ಪ್ರತ್ಯೇಕ ಪ್ರಭೇದ.

ಲಕ್ಷಣಗಳು
ಉದ್ದ ಸುಮಾರು 15 ಸೆಂ.ಮೀ. ಬೆನ್ನು, ಕತ್ತು ಮತ್ತು ಎದೆ ಕಡುನೀಲಿ-ಬೂದು, ಪಕ್ಕೆಗಳು ಕೆಂಗಂದು, ಹೊಟ್ಟೆಯ ನಡುಭಾಗ ಬಿಳಿ. ಕಾಲುಗಳು ನೀಳವಾಗಿವೆ. ಗಂಡು ಹೆಣ್ಣುಗಳು ನೋಟಕ್ಕೆ ಒಂದೇ ರೀತಿ ಇರುತ್ತವೆ. ಪಕ್ಕೆಯ ಕೆಂಗಂದು ಬಣ್ಣ ಇದನ್ನು ದಕ್ಷಿಣದ ಪ್ರಭೇದದಿಂದ ಪ್ರತ್ಯೇಕಿಸುತ್ತದೆ.

ವ್ಯಾಪ್ತಿ ಮತ್ತು ಆವಾಸ
ಕರ್ನಾಟಕದ ಬಾಬಾಬುಡನ್‌ಗಿರಿ, ಕೊಡಗು-ವಯನಾಡು ಗಡಿಯ ಬ್ರಹ್ಮಗಿರಿ, ವಯನಾಡಿನ ಬಾಣಾಸುರ ಮತ್ತು ತಮಿಳುನಾಡಿನ ನೀಲಗಿರಿ ಬೆಟ್ಟಗಳ ಎತ್ತರದ ಪ್ರದೇಶಗಳಲ್ಲಿ ಕಂಡುಬರುತ್ತದೆ. ಹುಲ್ಲುಗಾವಲಿನ ನಡುವೆ, ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ತೇವಭರಿತ ನಿತ್ಯಹರಿದ್ವರ್ಣದ ಶೋಲಾ ಕಾಡುಗಳೇ ಇದರ ನೆಲೆ.

ಆಹಾರ ಮತ್ತು ಸಂತಾನೋತ್ಪತ್ತಿ
ದಟ್ಟ ಪೊದೆಗಳ ಕೆಳಗೆ, ನೆಲದ ಮೇಲೆ ಕುಪ್ಪಳಿಸುತ್ತ ತರಗೆಲೆಗಳ ನಡುವಿನ ಕೀಟಗಳನ್ನು ಹುಡುಕಿ ತಿನ್ನುತ್ತದೆ. ಮಬ್ಬುಬೆಳಕಿನಲ್ಲಿ ಹೆಚ್ಚು ಚಟುವಟಿಕೆಯಿಂದಿರುವ ಇದು ಕಣ್ಣಿಗೆ ಬೀಳುವುದಕ್ಕಿಂತ ಹಾಡಿನಿಂದಲೇ ಹೆಚ್ಚಾಗಿ ಗುರುತಿಗೆ ಸಿಗುತ್ತದೆ. ಮರದ ಪೊಟರೆ ಅಥವಾ ದಿಣ್ಣೆಯ ಬಿಲದಲ್ಲಿ ಪಾಚಿ ಮತ್ತು ಬೇರಿನ ಎಳೆಗಳಿಂದ ಗೂಡು ಕಟ್ಟಿ, ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ.

ಸಂರಕ್ಷಣೆ
ಬೆಟ್ಟದ ಶಿಖರಗಳಿಗೆ ಸೀಮಿತವಾಗಿರುವುದರಿಂದ ಇದರ ಆವಾಸವು ದ್ವೀಪಗಳಂತೆ ಚದುರಿದೆ. ನಡುವಿನ ಬಿಸಿ ತಗ್ಗುಪ್ರದೇಶಗಳು ಇದರ ಹರಡುವಿಕೆಗೆ ತಡೆಯಾಗಿವೆ. ಆದ್ದರಿಂದ ಒಂದು ಬೆಟ್ಟದಲ್ಲಿ ಕಣ್ಮರೆಯಾದರೆ ಮತ್ತೊಂದು ಬೆಟ್ಟದ ಹಕ್ಕಿಗಳು ಅಲ್ಲಿಗೆ ಬಂದು ನೆಲೆಸುವ ಸಾಧ್ಯತೆ ಕಡಿಮೆ. ಚಹಾ, ನೀಲಗಿರಿ ಮರ ಮತ್ತು ಅಕೇಶಿಯ ನೆಡುತೋಪುಗಳಿಗಾಗಿ ಶೋಲಾ-ಹುಲ್ಲುಗಾವಲು ಪ್ರದೇಶಗಳು ನಾಶವಾಗಿವೆ. ಉಳಿದಿರುವ ಸಣ್ಣ ಶೋಲಾ ತುಣುಕುಗಳ ರಕ್ಷಣೆಯೂ ಈ ಪ್ರಭೇದದ ಉಳಿವಿಗೆ ಅತ್ಯಗತ್ಯವಾಗಿದೆ.