ಸಪ್ತಸ್ವರಗಳ ಕುಂಟಬಿಲ್ಲೆ



ಪಿಯಾನೊ ಕಲಿಯುವ ಎಳೆಯರಿಗೆ ಆಟದ ಮೂಲಕ ಸ್ವರ-ಲಯಗಳನ್ನು ಕಲಿಸುವುದು ಪಾಶ್ಚಾತ್ಯರ ಜಾಣ್ಮೆ, ನಮ್ಮದು ಬರಿಯ ಬಾಯಿಪಾಠ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಅರ್ಧಸತ್ಯ.

ಪಾಶ್ಚಾತ್ಯರ ಸಾಧನೆ ದೊಡ್ಡದೇ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಗ್ವಿಡೊ ಎಂಬ ಸಂನ್ಯಾಸಿಯು ಸ್ವರಗಳಿಗೆ ಉತ್, ರೆ, ಮಿ ಎಂದು ಹೆಸರಿಟ್ಟು ಹುಡುಗರಿಗೆ ಹಾಡಲು ಕಲಿಸಿದನು. ಬೆರಳಿನ ಗೆಣ್ಣುಗಳ ಮೇಲೆ ಸ್ವರಗಳನ್ನು ಗುರುತಿಸುವ ಕ್ರಮವೂ ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಸ್ವರಕ್ಕೊಂದು ಕೈಸನ್ನೆಯನ್ನು ಗೊತ್ತುಪಡಿಸಿದನು.

ಇನ್ನು ನಮ್ಮ ಕಡೆ ನೋಡಿರಿ. ಸಂಗೀತದ ಆರಂಭಿಕ ಪಾಠಗಳನ್ನು ಕ್ರಮಗೊಳಿಸಿದವರು ಪುರಂದರದಾಸರು (1484–1564) ಎಂಬುದು ಪರಂಪರೆಯ ಮಾತು. ಸರಳೆ ವರಸೆಯಲ್ಲಿ ಮಗು ಮೆಟ್ಟಿಲು ಹತ್ತಿ ಇಳಿಯುತ್ತದೆ. ಜಂಟಿ ವರಸೆಯಲ್ಲಿ ಪ್ರತಿ ಮೆಟ್ಟಿಲಿನ ಮೇಲೂ ಎರಡು ಸಲ ಕಾಲೂರುತ್ತದೆ. ದಾಟು ವರಸೆಯಲ್ಲಿ ಮನೆ ಬಿಟ್ಟು ಮನೆಗೆ ಜಿಗಿಯುತ್ತದೆ. ಇದು ಕುಂಟಬಿಲ್ಲೆಯಲ್ಲದೆ ಮತ್ತೇನು? ಬಳಿಕ ಬರುವ ಪಿಳ್ಳಾರಿ ಗೀತೆಗಳ ಮಲಹರಿ ರಾಗದಲ್ಲಿ ಗಾಂಧಾರವು ಏರುವಾಗ ಅಡಗಿಕೊಂಡು ಇಳಿಯುವಾಗ ಕಾಣಿಸಿಕೊಳ್ಳುತ್ತದೆ. ನಿಷಾದವಂತೂ ಎರಡರಲ್ಲಿಯೂ ಸಿಕ್ಕುವುದಿಲ್ಲ. ಇದು ಕಣ್ಣಾಮುಚ್ಚಾಲೆ! ತಾಳವೋ, ಅಂಗೈಯ ತಟ್ಟು, ಬೆರಳಿನ ಎಣಿಕೆ, ಕೈಯ ಬೀಸು. ಧ್ರುವಕ್ಕೆ 14, ಮಠ್ಯಕ್ಕೆ 10, ರೂಪಕಕ್ಕೆ 6 ಅಕ್ಷರಗಳಾದರೆ ಏಕತಾಳಕ್ಕೆ ನಾಲ್ಕೇ.

ಈ ಏಳು ತಾಳಗಳಿಗೆ ಸುಳಾದಿ ಸಪ್ತತಾಳಗಳೆಂದು ಹೆಸರು. ಬೇರೆ ಬೇರೆ ತಾಳಗಳ ಖಂಡಗಳನ್ನು ಪೋಣಿಸಿದ ಸುಳಾದಿಗಳಿಂದಲೇ ಖ್ಯಾತರಾದ ವಿಜಯದಾಸರು (1682–1755) ನಮ್ಮ ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಅವರಿಂದ ದಾಸದೀಕ್ಷೆ ಪಡೆದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಹೀಗೆ ಅಲಂಕಾರದ ಪಾಠದಲ್ಲಿ ಮಗು ಬೆರಳೆಣಿಸುವ ತಾಳಗಳು ನಮ್ಮ ನೆರೆಹೊರೆಯ ಹಳ್ಳಿಗಳಲ್ಲಿ ಹಾಡಾಗಿದ್ದವು. ಇಂದು ರಾಯಚೂರು ಭಾಗದಲ್ಲಿ ಹಿಂದೂಸ್ತಾನಿ ಪದ್ಧತಿಯೇ ಹೆಚ್ಚು ಬಳಕೆಯಲ್ಲಿದ್ದರೂ ಅಲ್ಲಿಯೂ ಪಾಠದ ಆರಂಭ ಅಲಂಕಾರ, ಪಲಟಾಗಳಿಂದಲೇ.

ಈಗ ಮನೆಯ ಕೀಬೋರ್ಡಿಗೆ ಬರೋಣ. ಎರಡು ಕಪ್ಪು ಮನೆಗಳ ಗುಂಪಿನ ಎಡಬದಿಯ ಬಿಳಿ ಮನೆಯನ್ನು ಷಡ್ಜವೆಂದು ಹಿಡಿಯಿರಿ. ಆರಂಭಿಕ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ಸ-ರಿ-ಗ-ಮ ಎಂದರೆ ಬಿಳಿ, ಕಪ್ಪು, ಬಿಳಿ, ಬಿಳಿ. ಪ-ದ-ನಿ-ಸ ಎಂದರೂ ಅದೇ ಬಿಳಿ, ಕಪ್ಪು, ಬಿಳಿ, ಬಿಳಿ. ಪೂರ್ವಾರ್ಧ, ಉತ್ತರಾರ್ಧಗಳೆರಡಕ್ಕೂ ಒಂದೇ ಅಂತರ. ಮೊದಲರ್ಧವನ್ನು ತೋರಿಸಿ, ಅದರ ಜೋಡಿಯನ್ನು ಹುಡುಕಲು ಮಗುವಿಗೆ ಹೇಳಿರಿ. ಕಿವಿಯೇ ದಾರಿ ತೋರುತ್ತದೆ.

ಹಾಗಾದರೆ ಮೇಲಿನ ಮಾತಿನಲ್ಲಿ ಸತ್ಯದ ಅರ್ಧ ಯಾವುದು? ಆಟವಾಗಿದ್ದ ಪಾಠವನ್ನು ನಾವೇ ಒಪ್ಪಿಸುವ ಪಾಠವನ್ನಾಗಿಸಿದ್ದು. ವರಸೆಗಳನ್ನು ಉಸಿರು ಬಿಡದೆ ಹಾಡಿಸಿ, ತಪ್ಪಿದರೆ ಗದರಿಸಿ ಎಷ್ಟೋ ಎಳೆಯ ಕಂಠಗಳನ್ನು ಸಂಗೀತದಿಂದ ದೂರ ಮಾಡಿದ್ದೇವೆ. ಸ್ವರ ಕಠಿಣವೆಂದು ಮಕ್ಕಳು ಬಿಡುವುದಿಲ್ಲ, ಬೇಸರದಿಂದ ಬಿಡುತ್ತಾರೆ.

ಆದುದರಿಂದ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಂಗಳದಲ್ಲಿ ಸೀಮೆಸುಣ್ಣದಿಂದ ಎಂಟು ಮನೆ ಬರೆದುಕೊಡಿರಿ. ಹಾಡುತ್ತ ಜಿಗಿಯಲಿ, ಜಿಗಿಯುತ್ತ ಹಾಡಲಿ. ಪುಸ್ತಕ ಆಮೇಲೆ ತೆರೆದರಾಯಿತು.