ಫ್ಲಾಪಿಯಲ್ಲಿನ ಹಳೆಯ ಸಂಗೀತ: ಮಿಡಿ ಕಡತಕ್ಕೆ ಧ್ವನಿ ನೀಡುವ ಬಗೆ

ರೋಲ್ಯಾಂಡ್ ಎಕ್ಸ್‌ಪಿ-50ರಂಥ ಕೀಬೋರ್ಡ್‌ಗಳು 1990ರ ದಶಕದಲ್ಲಿ ಫ್ಲಾಪಿ ಡ್ರೈವ್‌ನೊಂದಿಗೆ ಬಂದವು. ತಾವು ನುಡಿಸಿದ ಹಿನ್ನೆಲೆ ಸಂಗೀತವನ್ನು ಅದರಲ್ಲಿ ಸಂಗ್ರಹಿಸಿಡುವುದು ವಾದಕರಿಗೆ ಸಾಧ್ಯವಾಯಿತು. ಆದಿತ್ಯನಗರ, ವಾಡಿಯಂಥ ಸಿಮೆಂಟ್ ಕಾಲೋನಿಗಳಲ್ಲಾಗಲಿ, ಸೇಡಂ, ಶಹಾಬಾದ್‌ಗಳಲ್ಲಾಗಲಿ ಉತ್ಸವದ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸಿದವರ ಬಳಿ ಅಂಥ ಫ್ಲಾಪಿಗಳು ಉಳಿದಿದ್ದರೆ ಇನ್ನು ತಡಮಾಡುವಂತಿಲ್ಲ. ಅವುಗಳ ಕಾಂತೀಯ ಲೇಪನ ವರ್ಷಗಳು ಕಳೆದಂತೆ ಶಿಥಿಲಗೊಳ್ಳುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ.

1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯ ಕಡತದಲ್ಲಿ ಧ್ವನಿಯೇ ಇರುವುದಿಲ್ಲ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಒತ್ತಿ, ಯಾವ ವಾದ್ಯದಲ್ಲಿ ಎಂಬ ಸೂಚನೆಗಳಷ್ಟೇ ಇರುತ್ತವೆ. ಆದ್ದರಿಂದಲೇ ಸಿ.ಡಿ. ಗುಣಮಟ್ಟದಲ್ಲಿ 50 ಎಂಬಿ ಮೀರುವ ಐದು ನಿಮಿಷದ ಸಂಗೀತ ಇಲ್ಲಿ ಕೆಲವೇ ಹತ್ತು ಕೆಬಿಗಳಲ್ಲಿ ಅಡಗುತ್ತದೆ. ಅದನ್ನು ಆಡಿಯೊ ಮಾಡುವುದೆಂದರೆ ನಕಲಿಸುವುದಲ್ಲ, ಮತ್ತೊಮ್ಮೆ ನುಡಿಸುವುದು. ಆಸ್ಟ್ರೇಲಿಯದ ಸಿಸಿರಾಕ್ ಗಣಕಯಂತ್ರ 1951ರಲ್ಲಿ ನುಡಿಸಿದ ಸಂಗೀತವನ್ನು ಆಗ ಯಾರೂ ಧ್ವನಿಮುದ್ರಿಸಿರಲಿಲ್ಲ. ಪಾಲ್ ಡೋರ್ನ್‌ಬುಶ್ ಅದನ್ನು ಮರುಸೃಷ್ಟಿಸಿದ್ದು ಉಳಿದಿದ್ದ ರಂಧ್ರಪಟ್ಟಿಗಳಿಂದ.

ಮೊದಲು ಫ್ಲಾಪಿಯ ಮೂಲೆಯ ರಂಧ್ರವನ್ನು ತೆರೆದಿಟ್ಟು ಬರಹ ತಡೆಯಬೇಕು. ಫಾರ್ಮ್ಯಾಟ್ ಮಾಡಬೇಕೇ ಎಂದು ಗಣಕಯಂತ್ರ ಕೇಳಿದರೆ ಒಪ್ಪಲೇಬಾರದು. ಕಡತಗಳನ್ನು ನಕಲಿಸಿಕೊಂಡ ಬಳಿಕ ಫ್ಲೂಯಿಡ್‌ಸಿಂತ್‌ನಂಥ ಉಚಿತ ತಂತ್ರಾಂಶಕ್ಕೆ ವಾದ್ಯಗಳ ಮಾದರಿಗಳಿರುವ ಸೌಂಡ್‌ಫಾಂಟ್ ಒದಗಿಸಿದರೆ ವೇವ್ ಕಡತ ಸಿದ್ಧವಾಗುತ್ತದೆ. ಎಂಪಿ3 ಹಂಚಲು ಸಾಕು. ಸಂಗ್ರಹಕ್ಕೆ ವೇವ್ ಇರಲಿ.

ನಮ್ಮ ಸಂಗೀತಕ್ಕೆ ತೊಡಕಾಗುವುದು ಇಲ್ಲಿಯೇ. 1991ರ ಜನರಲ್ ಮಿಡಿ ಪಟ್ಟಿಯ 128 ವಾದ್ಯಗಳಲ್ಲಿ ಸಿತಾರ್ ಇದೆ, ಶಹನಾಯಿ ಇದೆ; ತಬಲಾ ಇಲ್ಲ. ಕೀಬೋರ್ಡ್‌ನಲ್ಲಿ ತಬಲಾ ಆಗಿದ್ದ ಬಡಿತ ಗಣಕಯಂತ್ರದಲ್ಲಿ ಬೊಂಗೊ ಆಗಿ ಕೇಳಿಸಬಹುದು. ಮೀಂಡ್‌ನ ಪಾಡು ಇನ್ನೂ ಕಷ್ಟ. ಸ್ವರವನ್ನು ಜಾರಿಸುವ ವ್ಯಾಪ್ತಿ ರೂಢಿಯಂತೆ ಎರಡು ಸ್ವರಸ್ಥಾನ. ವಾದಕರು ಅದನ್ನು ಹನ್ನೆರಡಕ್ಕೆ ಹೆಚ್ಚಿಸಿ ನುಡಿಸಿದ್ದು, ಆ ಸೂಚನೆ ಕಡತದಲ್ಲಿ ಸೇರದೆ ಹೋಗಿದ್ದರೆ, ಷಡ್ಜದಿಂದ ಶುದ್ಧ ಗಾಂಧಾರಕ್ಕೆ ಏರಬೇಕಾದ ಮೀಂಡ್ ಕೋಮಲ ರಿಷಭವನ್ನೂ ಮುಟ್ಟದೆ ನಿಲ್ಲುತ್ತದೆ. ರಾಗವೇ ಕೆಟ್ಟಿತೆಂದು ವಾದಕರನ್ನು ದೂರುವ ಮುನ್ನ ಈ ವ್ಯಾಪ್ತಿಯನ್ನು ಸರಿಪಡಿಸಿ ನೋಡಬೇಕು.

ಮೂಲ ಕೀಬೋರ್ಡ್ ಇನ್ನೂ ನುಡಿಯುತ್ತಿದ್ದರೆ ಮೇಲಿನ ಯಾವ ಉಪಾಯವೂ ಅದಕ್ಕೆ ಸಮನಲ್ಲ. ಅದರಲ್ಲೇ ಹಾಡನ್ನು ನುಡಿಸಿ, ಲೈನ್ ಔಟ್ ತಂತಿಯ ಮೂಲಕ ನೇರವಾಗಿ ಧ್ವನಿಮುದ್ರಿಸಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಆ ಕಾಲದ ಕಡತಗಳ ಹೆಸರಿಗೆ ಸಾಮಾನ್ಯವಾಗಿ ಎಂಟೇ ಅಕ್ಷರಗಳ ಮಿತಿ. ಆ ತುಂಡು ಹೆಸರು ಯಾವ ಹಾಡಿನದು, ಯಾವ ಗಾಯಕರ ಶ್ರುತಿಗೆ ಹೊಂದಿಸಿದ್ದು ಎಂಬುದನ್ನು ನುಡಿಸಿದವರಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.